ನೂಲಿಗೆ ತೇವ, ಮೂಗಿಗೆ ವಲ್ಲಿ

ದಾವಣಗೆರೆ ಅಂದರೆ ಈಗಿನವರಿಗೆ ಬೆಣ್ಣೆದೋಸೆ, ಕಾಲೇಜು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಈ ಊರಿಗಿದ್ದ ಹೆಸರು, ಬಟ್ಟೆ ಮಿಲ್ಲುಗಳು ಒಂದೊಂದಾಗಿ ಮುಚ್ಚಿದ ಮೇಲೆ, ನನ್ನ ವಯಸ್ಸಿನವರ ಬಾಯಲ್ಲಷ್ಟೇ ಉಳಿದಿದೆ.

ಅಪ್ಪ ಕಾರ್ಡಿಂಗ್‌ನಲ್ಲಿದ್ದರು. ಬೇಲು ಒಡೆದು ಅರಳೆ ಬಿಡಿಸುವ ಬ್ಲೋ ರೂಮು, ಅದಾದ ಮೇಲೆ ಅದನ್ನು ಹಿಂಜಿ ಎಳೆ ಮಾಡುವ ಕಾರ್ಡಿಂಗು: ಮಿಲ್ಲಿನಲ್ಲಿ ಅತಿ ಹೆಚ್ಚು ದೂಳೇಳುವ ಜಾಗಗಳು ಇವೇ. ಯಂತ್ರದ ಹಲ್ಲಿಗೆ ಸಿಕ್ಕಿಕೊಂಡ ಕಸವನ್ನು ಆಗಾಗ ಕೆರೆದು ತೆಗೆಯಬೇಕಿತ್ತು. ಆ ಹೊತ್ತಿನಲ್ಲಿ ಎದುರಿಗಿದ್ದವರ ಮುಖ ಕಾಣುತ್ತಿರಲಿಲ್ಲವಂತೆ. ಬುತ್ತಿ ಕೊಡಲು ಹೋದರೆ ಗೇಟಿನ ಹತ್ತಿರ ಬರುತ್ತಿದ್ದ ಅಪ್ಪನ ಹುಬ್ಬು, ರೆಪ್ಪೆ, ಕಿವಿಯ ಕೂದಲಿಗೆಲ್ಲ ಬಿಳಿ ಜುಂಗು. ಮೂಗಿಗೆ ಸುತ್ತಿದ್ದ ವಲ್ಲಿ ಬಿಚ್ಚಿದರೆ ಅದರ ಒಳಮೈಯಲ್ಲಿ, ಎರಡು ಹೊಳ್ಳೆಗಳ ನೇರಕ್ಕೆ, ಎರಡು ಬೂದು ಕಲೆ. ವಲ್ಲಿ ತಡೆದದ್ದು ಜುಂಗನ್ನು ಮಾತ್ರ. ಸಣ್ಣ ದೂಳು ದಾಟಿಕೊಂಡು ಒಳಗೆ ಹೋಗುತ್ತಿತ್ತು ಅನ್ನುವುದಕ್ಕೆ ಅದಕ್ಕಿಂತ ಪುರಾವೆ ಬೇಕಿರಲಿಲ್ಲ. ಯಾರೂ ಅದನ್ನು ಹಾಗೆ ನೋಡಲಿಲ್ಲ. ಅವ್ವ ಒಗೆದು ಹಾಕುತ್ತಿದ್ದಳು.

ಪಾಳಿ ಮುಗಿದ ಮೇಲೆ ಮಿಲ್ಲಿನಿಂದ ಒಂದು ತುಂಡು ಬೆಲ್ಲ. ಗಂಟಲ ದೂಳು ಕೆಳಗಿಳಿಯುತ್ತದೆಂಬ ನಂಬಿಕೆ. ಲಖನೌದ ವಿಜ್ಞಾನಿಗಳು ಇಲಿಗಳಿಗೆ ಬೆಲ್ಲ ತಿನ್ನಿಸಿ ಶ್ವಾಸಕೋಶಕ್ಕೆ ಒಂದಿಷ್ಟು ರಕ್ಷಣೆ ಸಿಗುತ್ತದೆಂದು 1994ರಲ್ಲಿ ಬರೆದದ್ದುಂಟು. ಇಲಿಗಾದದ್ದು ಮನುಷ್ಯರಿಗೂ ಆಗುತ್ತದೆಂದು ಅದರಿಂದ ಸಾಬೀತಾಗುವುದಿಲ್ಲ. ಮಾಲೀಕರಿಗೆ ಮಾತ್ರ ಬೆಲ್ಲ ಅಗ್ಗವಾಗಿತ್ತು.

"ರಜೆ ಮುಗಿಸ್ಕಂಡು ಹೋದ ದಿನಾನೇ ಎದಿ ಹಿಡ್ಕಂತತಿ ನೋಡು" ಎಂದು ಅಪ್ಪ ಅವ್ವನಿಗೆ ಹೇಳುತ್ತಿದ್ದರು. ವಾರದ ಕೊನೆಗೆ ಸುಮಾರಾಗಿ, ಮತ್ತೆ ರಜೆಯ ಮರುದಿನ ಅದೇ ಬಿಗಿತ. ಹತ್ತಿ ದೂಳಿನ ರೋಗವಾದ ಬಿಸ್ಸಿನೋಸಿಸ್‌ನ ಗುರುತೇ ಇದು. ಹೊರದೇಶಗಳ ಮಿಲ್ಲುಗಳಲ್ಲಿ ಇದಕ್ಕೆ ಸೋಮವಾರದ ಜ್ವರ ಅನ್ನುತ್ತಿದ್ದರು. ಹತ್ತಿಯ ಜೊತೆ ಬರುವ ಎಲೆ, ತೊಟ್ಟಿನ ಚೂರು, ಅದರಲ್ಲಿರುವ ಬ್ಯಾಕ್ಟೀರಿಯಾದ ವಿಷ ಎದೆ ಬಿಗಿಯುತ್ತವೆ. ಮೊದಮೊದಲು ದೂಳಿನಿಂದ ದೂರವಿದ್ದರೆ ವಾಸಿಯಾಗುತ್ತದೆ, ವರ್ಷಗಟ್ಟಲೆ ಎಳೆದರೆ ಆಗುವುದಿಲ್ಲ. ಡಾಕ್ಟರು ಬೀಡಿ ಬಿಡಿ ಅಂದರು, ಕೆಮ್ಮಿನ ಔಷಧಿ ಬರೆದರು. ಬೀಡಿಯ ಪಾಲೂ ಇತ್ತು, ಸುಳ್ಳಲ್ಲ. ಕೆಲಸ ಯಾವುದೆಂದು ಮಾತ್ರ ಕೇಳಲಿಲ್ಲ.

ಒಳಗಿನ ಗಾಳಿಯ ಬಗ್ಗೆ ಮಿಲ್ಲಿನವರಿಗೆ ಕಾಳಜಿ ಇರಲಿಲ್ಲ ಅನ್ನುವಂತಿಲ್ಲ. ಗಾಳಿ ಒಣಗಿದರೆ ನೂಲು ಹರಿಯುತ್ತದೆ. ಅದಕ್ಕೆ ನೀರು ಸಿಂಪಡಿಸಿ ತೇವ ಕಾಯುತ್ತಿದ್ದರು, ತೇವವನ್ನು ಅಳೆಯುತ್ತಿದ್ದರು. ದೂಳನ್ನು ಅಳೆದವರನ್ನು ಅಪ್ಪ ಕಂಡಿರಲಿಲ್ಲ. ಅಮೆರಿಕದಲ್ಲಿ ನೂಲಿನ ಗಿರಣಿಗಳಿಗೆ ಒಂದು ಘನ ಮೀಟರ್ ಗಾಳಿಗೆ 0.2 ಮಿಲಿಗ್ರಾಂ ಹತ್ತಿ ದೂಳು ಎಂಬ ಮಿತಿ 1978ರಲ್ಲೇ ಬಂದಿತ್ತು.

ಈಗಿನ ಸ್ಪಿನ್ನಿಂಗ್ ಮಿಲ್ಲುಗಳಲ್ಲಿ ಕಾರ್ಡಿಂಗ್ ಯಂತ್ರಕ್ಕೆ ಮುಚ್ಚಳವಿದೆ, ದೂಳು ಎದ್ದಲ್ಲೇ ಕೊಳವೆ ಅದನ್ನು ಹೀರಿ ಫಿಲ್ಟರಿಗೆ ಒಯ್ಯುತ್ತದೆ. ಜನರ ಎದೆ ಉಳಿಸುವುದು ಹೆಚ್ಚಾಗಿ ಇದೇ, ಮಾಸ್ಕ್ ಅಲ್ಲ. ಎನ್‌95 ಒಳ್ಳೆಯದೇ. ಅದರ ನವಿರಾದ ಪ್ಲಾಸ್ಟಿಕ್ ಎಳೆಗಳಲ್ಲಿ ವಿದ್ಯುತ್ ಅಂಶವಿದ್ದು, ಜರಡಿಯಲ್ಲಿ ನುಸುಳಬಲ್ಲ ಕಣವನ್ನೂ ಸೆಳೆದು ಹಿಡಿಯುತ್ತದೆ, 0.3 ಮೈಕ್ರಾನ್ ಕಣಗಳಲ್ಲೂ ನೂರಕ್ಕೆ 95ನ್ನು ತಡೆಯುತ್ತದೆ. ಆದರೆ ಕೆನ್ನೆಯ ಪಕ್ಕ ಸಂದಿ ಬಿಟ್ಟರೆ, ಗಡ್ಡವಿದ್ದರೆ, ಆ ಲೆಕ್ಕವೆಲ್ಲ ಸುಳ್ಳು. ಸೆಕೆಯಲ್ಲಿ ಎಂಟು ತಾಸು ಅದನ್ನು ಬಿಗಿದುಕೊಂಡು ಗೆಯ್ಯಿರಿ ಅನ್ನುವವರು ತಾವೊಮ್ಮೆ ಕಟ್ಟಿಕೊಂಡು ನೋಡಬೇಕು. ಯಂತ್ರಕ್ಕೆ ಮುಚ್ಚಳ ಹಾಕಿಸದೆ ಮಾಸ್ಕ್ ಹಂಚಿ ಸಹಿ ತೆಗೆದುಕೊಳ್ಳುವುದು ಹಳೆಯ ಬೆಲ್ಲದ ಲೆಕ್ಕವೇ.

ಮಿಲ್ಲು ಹೋದರೂ ಊರಿನ ಗಾಳಿ ತಿಳಿಯಾಗಲಿಲ್ಲ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ರಾಜ್ಯದ ನಾಲ್ಕು ನಗರಗಳಿದ್ದವು, ದಾವಣಗೆರೆಯೂ ಒಂದು. ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿ ಹುರಿಯುವ ಎಷ್ಟೋ ಜನರ ಮುಖಕ್ಕೆ ಇವತ್ತಿಗೂ ವಲ್ಲಿಯೇ ಗತಿ.

ಹತ್ತಿ ದೂಳಿನ ಈ ರೋಗ ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದೆ, ಪರಿಹಾರಕ್ಕೆ ದಾರಿಯಿದೆ. ಅದನ್ನು ಕೇಳಲು ಡಾಕ್ಟರ ಚೀಟಿಯಲ್ಲಿ ಕೆಲಸದ ದಾಖಲೆ ಬೇಕು. ನಿಮ್ಮ ಮನೆಯಲ್ಲಿ ದೂಳಿನ ಕೆಲಸ ಮಾಡುವವರಿದ್ದು ಕೆಮ್ಮುತ್ತಿದ್ದರೆ, ಡಾಕ್ಟರು ಕೇಳದಿದ್ದರೂ ಕೆಲಸ ಯಾವುದು, ಎಷ್ಟು ವರ್ಷದಿಂದ ಎಂದು ಹೇಳಿ, ಬರೆಸಿಕೊಂಡು ಬನ್ನಿ.