ಕರೋಶಿಯ ಸೀಮೆಯಲ್ಲಿ ಹೈನದ ಕಾಯಕ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕಿನಲ್ಲಿರುವ ಕರೋಶಿಗೆ ಹೋಗಿಬರುವವರಿಗೆ ಈ ನಾಡು ಹೈನದ ನಾಡೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಇದೇ ಸೀಮೆಯಲ್ಲಿ ಕೃಷ್ಣೆಯನ್ನು ಕೂಡುವ ಹೊಳೆಗೆ ನಮ್ಮ ಹಿರಿಯರು ದೂಧಗಂಗೆಯೆಂದೇ ಹೆಸರಿಟ್ಟರು. ಗಡಿಯಾಚೆಯ ಕೊಲ್ಹಾಪುರದಲ್ಲಿ 1963ರಷ್ಟು ಹಿಂದೆಯೇ ಜಿಲ್ಲಾ ಹಾಲು ಸಂಘ ಹುಟ್ಟಿತು. ನಮ್ಮ ರಾಜ್ಯದ ಹಾಲು ಮಹಾಮಂಡಳದ ದಿನದ ಶೇಖರಣೆಯು 2024ರ ಜೂನಿನಲ್ಲಿ ಒಂದು ಕೋಟಿ ಲೀಟರನ್ನು ಮುಟ್ಟಿತು. ಇದು ಹೆಮ್ಮೆಯ ಸಂಗತಿಯೇ ಸರಿ.

ಆದರೆ ಸಾಲ ತಂದು ಮೊದಲ ಎಮ್ಮೆಯನ್ನು ಕಟ್ಟಿದ ಮನೆಯ ಲೆಕ್ಕವೇ ಬೇರೆ. ಈದ ಮೇಲೆ ಕೆಲವು ವಾರ ಹಾಲು ಏರುತ್ತದೆ. ಬಳಿಕ ಮೆಲ್ಲನೆ ಇಳಿಯುತ್ತದೆ. ಎಮ್ಮೆಯ ಗಬ್ಬದ ಅವಧಿ ಸುಮಾರು ಹತ್ತು ತಿಂಗಳು. ಅದರ ಕೊನೆಯ ಎರಡು ತಿಂಗಳು ಹಾಲು ಕರೆಯುವುದನ್ನು ನಿಲ್ಲಿಸಲೇಬೇಕು. ಆಗ ಡೇರಿಯ ಹಣ ನಿಲ್ಲುತ್ತದೆ. ಸಾಲದ ಕಂತು ನಿಲ್ಲುವುದಿಲ್ಲ. ಸರಕಾರವು 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭಿಸಿದ ಪ್ರೋತ್ಸಾಹಧನವು 2016ರಲ್ಲಿ 5 ರೂಪಾಯಿಗೆ ಏರಿತು. ಆದರೂ ಅದು ಲೀಟರನ್ನು ಎಣಿಸಿ ಕೊಡುವ ಹಣ. ಬತ್ತಿದ ಕೆಚ್ಚಲಿಗೆ ಅದರಿಂದೇನು? ಹೊಸಬರು ಎಮ್ಮೆಯನ್ನು ಮಾರಿ ಕೈತೊಳೆದುಕೊಳ್ಳುವುದು ಬಹುಮಟ್ಟಿಗೆ ಇಂಥ ತಿಂಗಳುಗಳಲ್ಲಿಯೇ.

ಆದುದರಿಂದ ಹೊಸಬರು ಎರಡು ಎಮ್ಮೆಗಳನ್ನು ಒಮ್ಮೆಲೇ ಕೊಳ್ಳದೆ, ಐದಾರು ತಿಂಗಳ ಅಂತರದಲ್ಲಿ ಈಯುವಂತೆ ಕೊಳ್ಳುವುದು ಲೇಸು. ಈ ಭಾಗದಲ್ಲಿ ಕಬ್ಬಿನ ಸೋಗೆ ಹೇರಳ. ಆದರೆ ಅದೊಂದರಿಂದಲೇ ಹಾಲು ಬಾರದು. ಸೋಗೆಯಲ್ಲಿರುವ ಆಮ್ಲವು ಮೈಯ ಸುಣ್ಣದಂಶವನ್ನು ಹಿಡಿದಿಡುತ್ತದೆ. ಜೋಳದ ಕಣಿಕೆ, ಹಸಿರು ಮೇವು, ಖನಿಜ ಮಿಶ್ರಣಗಳು ಜೊತೆಗಿರಬೇಕು. ಮೈಪೋಷಣೆಗೆ ಬೇಕಾದುದನ್ನು ಬಿಟ್ಟು, ಪ್ರತಿ ಎರಡು ಲೀಟರ್ ಹಾಲಿಗೆ ಒಂದು ಕಿಲೋ ಪಶು ಆಹಾರವೆಂಬುದು ಎಮ್ಮೆಗೆ ಹೇಳುವ ಸಾಮಾನ್ಯ ಲೆಕ್ಕ. ಹಾಲಿಲ್ಲವೆಂದು ಗಬ್ಬದ ಎಮ್ಮೆಯ ಹಿಂಡಿಯನ್ನು ಕಡಿದರೆ ಮುಂದಿನ ಈತದ ಹಾಲನ್ನೇ ಕಡಿದಂತೆ. 2018–19ರಿಂದ ಕಿಸಾನ್ ಕ್ರೆಡಿಟ್ ಕಾರ್ಡಿನ ಸೌಲಭ್ಯವು ಹೈನುಗಾರರಿಗೂ ವಿಸ್ತರಿಸಿದೆ. ಮೇವು ಹಿಂಡಿಗಳ ಖರ್ಚಿಗೆ ಅದನ್ನು ಬಳಸಿಕೊಳ್ಳಬಹುದು.

ಉಳಿದುದು ನೆರೆಹೊರೆಯವರ ಕೆಲಸ. ಬೆದೆಯ ಲಕ್ಷಣವನ್ನು ಗುರುತಿಸುವುದು, ಹುಟ್ಟಿದ ಒಂದು ಗಂಟೆಯೊಳಗೆ ಕರುವಿಗೆ ಗಿಣ್ಣದ ಹಾಲು ಕುಡಿಸುವುದು, ಕೆಚ್ಚಲು ಬಾವನ್ನು ಮೊದಲ ದಿನವೇ ಅರಿಯುವುದು, ಇವೆಲ್ಲ ನಮ್ಮ ತಾಯಂದಿರ ಕೈಯಲ್ಲಿರುವ ವಿದ್ಯೆ. ಅನುಭವಸ್ಥರ ಮನೆಯೊಂದು ಹೊಸಬರ ಮನೆಯೊಂದಕ್ಕೆ ಮೊದಲ ಈತದಿಂದ ಎರಡನೆಯ ಈತದವರೆಗೆ ಬೆನ್ನಿಗೆ ನಿಲ್ಲಲಿ. ಹಾಲು ಬತ್ತಿದ ದಿನಗಳಲ್ಲಿ ನಾಲ್ಕು ಸೂಡು ಕಣಿಕೆಯನ್ನು ಕಡವಾಗಿ ಕೊಡಲಿ. ಕಾಯಕವನ್ನು ಕೊಂಡಾಡುವ ನಾವು, ಕಾಯಕಕ್ಕೆ ಹೊಸದಾಗಿ ಕೈಹಾಕಿದವರನ್ನು ಎತ್ತಿಹಿಡಿಯುವುದೂ ದಾಸೋಹವೆಂದೇ ತಿಳಿಯಬೇಕು.