ನೀರನ್ನು ಬಿಟ್ಟುಕೊಡದ ನೆಲ

ಅಮೆರಿಕ ಸಂಯುಕ್ತ ಸಂಸ್ಥಾನದ ಓಹಾಯೊ ರಾಜ್ಯದ ವಾಯವ್ಯ ಮೂಲೆಯಲ್ಲಿ, ಈರೀ ಸರೋವರದ ಪಶ್ಚಿಮ ತುದಿಯಲ್ಲಿ ಟೊಲೀಡೊ ನಗರವಿದೆ. ಮಾಮೀ ನದಿಯು ಸರೋವರವನ್ನು ಸೇರುವುದು ಇಲ್ಲಿಯೇ. ನಗರವನ್ನು ಹಿಂದಿಕ್ಕಿ ನದಿಯ ಜಾಡಿನಲ್ಲಿ ನೈಋತ್ಯದ ಕಡೆಗೆ ಹೊರಟ ಪ್ರಯಾಣಿಕನ ಗಮನಕ್ಕೆ ಮೊದಲು ಬರುವುದು ನೆಲದ ಸಮತಟ್ಟು. ಗುಡ್ಡವಿಲ್ಲ, ಬಂಡೆಯಿಲ್ಲ, ಮೈಲಿಗೆ ಕೆಲವೇ ಅಡಿಗಳ ಇಳಿಜಾರು. ರಸ್ತೆಗಳು ದಾರ ಹಿಡಿದು ಎಳೆದಂತೆ ನೇರವಾಗಿವೆ. ಎರಡೂ ಬದಿಗೆ ಮೆಕ್ಕೆಜೋಳ, ಸೋಯಾ ಅವರೆ, ಗೋಧಿಯ ಹೊಲಗಳು ದಿಗಂತದವರೆಗೆ ಹಬ್ಬಿವೆ.

ರಸ್ತೆಯ ಮಗ್ಗುಲಲ್ಲಿ ಆಳವಾದ ಕಾಲುವೆಗಳೂ ಜೊತೆಯಾಗಿ ಸಾಗುತ್ತವೆ. ಮಳೆಗಾಗಿ ಮುಗಿಲು ನೋಡುವ ಜತ್ತ, ಸೊಲ್ಲಾಪುರ ಸೀಮೆಯ ರೈತನು ಇವನ್ನು ಕಂಡರೆ ನೀರಾವರಿಯ ಕಾಲುವೆಗಳೆಂದೇ ತಿಳಿದಾನು. ಆದರೆ ಇವು ಹೊಲಕ್ಕೆ ನೀರನ್ನು ತರುವುದಿಲ್ಲ. ಹೊಲದಿಂದ ನೀರನ್ನು ಹೊರಗೆ ಒಯ್ಯುತ್ತವೆ. ಕಾಲುವೆಯ ದಡವನ್ನು ನಿಟ್ಟಿಸಿ ನೋಡಿದರೆ ಅಲ್ಲಲ್ಲಿ ಕೊಳವೆಗಳ ಬಾಯಿ ಕಾಣಿಸುತ್ತದೆ. ಮಳೆ ನಿಂತ ಮರುದಿನವೂ ಅವುಗಳಿಂದ ನೀರು ಸುರಿಯುತ್ತಿರುತ್ತದೆ. ಆ ಕೊಳವೆಗಳ ಜಾಲವು ಹೊಲದ ಅಡಿಯಲ್ಲೆಲ್ಲ ಹರಡಿದೆ. ಈ ನಾಡಿನ ಸಿರಿಯೂ ಈ ನಾಡಿನ ತಂಟೆಯೂ ಅಲ್ಲಿಂದಲೇ ಹುಟ್ಟಿವೆ. ಅದನ್ನು ತಿಳಿಯಲು ಮೊದಲು ಮಣ್ಣನ್ನು ತಿಳಿಯಬೇಕು.

ಫಿಂಡ್ಲೇ ಪಟ್ಟಣದ ಸುತ್ತಿನ ಹೊಲಗಳಲ್ಲಿ ಒಂದಾಳೆತ್ತರದ ಗುಂಡಿ ತೋಡಿದರೆ ಮಣ್ಣಿನ ಪದರಗಳು ಸ್ಪಷ್ಟವಾಗಿ ಕಾಣುತ್ತವೆ. ಮೇಲಿನ ಸುಮಾರು ಒಂಬತ್ತು ಅಂಗುಲ ಬೂದುಗಂದು ಬಣ್ಣದ ಮೃದುವಾದ ಮಣ್ಣು. ಬೆರಳುಗಳ ನಡುವೆ ಉಜ್ಜಿದರೆ ಹಿಟ್ಟಿನಂತೆ ನುಣುಪು. ಇದೇ ರೇವೆ. ಮರಳಿನ ಕಣಕ್ಕಿಂತ ಸಣ್ಣದು, ಜೇಡಿಯ ಕಣಕ್ಕಿಂತ ದೊಡ್ಡದು. ರೇವೆಯ ಕಣದ ಅಡ್ಡಳತೆ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗಕ್ಕಿಂತ ಕಡಿಮೆ. ಅದರ ಕೆಳಗೆ ಜೇಡಿಯ ಅಂಶ ಹೆಚ್ಚುತ್ತದೆ. ಮಣ್ಣು ಬಿಗಿಯಾಗುತ್ತದೆ, ಹೆಂಟೆಗಳು ಮೂಲೆಮೂಲೆಯಾಗಿ ಒಡೆಯುತ್ತವೆ. ಸುಮಾರು ಮೂರು ಅಡಿ ಇಳಿದ ಮೇಲೆ ಬರುವ ಪದರವನ್ನು ಗುದ್ದಲಿಯಿಂದ ಕೆದಕುವುದೂ ಕಷ್ಟ. ಸುಣ್ಣಕಲ್ಲಿನ ಚೂರುಗಳು ಬೆರೆತ ಆ ಜೇಡಿಯು ಒತ್ತಿ ಕೂಡಿಸಿದಂತೆ ಗಟ್ಟಿಯಾಗಿದೆ. ಮಣ್ಣಿನ ವಿಜ್ಞಾನಿಗಳು ಈ ಮಣ್ಣನ್ನು ‘ಬ್ಲೌಂಟ್’ ಎಂದು ಹೆಸರಿಸಿದ್ದಾರೆ.

ಆ ಜೇಡಿಯನ್ನು ಒತ್ತಿ ಕೂಡಿಸಿದ್ದು ಹಿಮ. ಕೊನೆಯ ಹಿಮಯುಗದಲ್ಲಿ ಕೆನಡಾದ ಕಡೆಯಿಂದ ಸಾವಿರಾರು ಅಡಿ ದಪ್ಪದ ಹಿಮದ ಹಾಸು ಇಲ್ಲಿಗೆ ಸರಿದು ಬಂದಿತು. ದಾರಿಯಲ್ಲಿ ಸಿಕ್ಕ ಸುಣ್ಣಕಲ್ಲನ್ನೂ ಪದರುಗಲ್ಲನ್ನೂ ಬೀಸುವ ಕಲ್ಲಿನಂತೆ ಅರೆದು ಹಿಟ್ಟು ಮಾಡಿತು. ಆ ಹಿಟ್ಟನ್ನು ತನ್ನ ಭಾರದಿಂದಲೇ ಅದುಮಿತು. ಸುಮಾರು 14 ಸಾವಿರ ವರ್ಷಗಳ ಹಿಂದೆ ಹಿಮವು ಕರಗಿ ಹಿಂದೆ ಸರಿಯಿತು. ಕರಗಿದ ನೀರು ಹಿಮದ ಗೋಡೆಗೂ ಅದು ಬಿಟ್ಟುಹೋದ ಮಣ್ಣಿನ ದಿಬ್ಬಗಳಿಗೂ ನಡುವೆ ನಿಂತು ಒಂದು ಮಹಾಸರೋವರವಾಯಿತು. ಭೂವಿಜ್ಞಾನಿಗಳು ಅದನ್ನು ಮಾಮೀ ಸರೋವರವೆಂದು ಕರೆಯುತ್ತಾರೆ. ಇಂದಿನ ಈರೀ ಸರೋವರವು ಅದರ ಉತ್ತರಾಧಿಕಾರಿ. ಹಳೆಯ ಸರೋವರದ ತಳವಾಗಿದ್ದ ಬಯಲು ಅಂಗೈಯಂತೆ ಸಮವಾಗಿ ಉಳಿಯಿತು. ಅದರ ದಂಡೆಯ ಮರಳು ದಿಣ್ಣೆಗಳು ಈಗಲೂ ಹೊಲಗಳ ನಡುವೆ ಗುರುತಿಸಿಕೊಳ್ಳುತ್ತವೆ. ಹಿಮ ಬಿಟ್ಟುಹೋದ ಜೇಡಿಯ ಮೇಲೆ ಕೆಲವೆಡೆ ಗಾಳಿಯು ರೇವೆಯ ತೆಳುವಾದ ಹೊದಿಕೆಯನ್ನು ತಂದು ಹರಡಿತು.

ಸೊಲ್ಲಾಪುರ, ಅಕ್ಕಲಕೋಟೆಗಳ ಎರೆಮಣ್ಣು ಹುಟ್ಟಿದ್ದು ಬೇರೆ ಬಗೆಯಲ್ಲಿ. ಅಲ್ಲಿ ಲಾವಾರಸ ಹೆಪ್ಪುಗಟ್ಟಿದ ಬಸಾಲ್ಟ್ ಕಲ್ಲು ಬಿಸಿಲು ಮಳೆಗಳಿಗೆ ಸವೆದು ಮಣ್ಣಾಯಿತು. ಓಹಾಯೊದಲ್ಲಿ ಹಿಮವು ಕಲ್ಲನ್ನು ಅರೆದು ಹೊತ್ತು ತಂದಿತು. ಆದರೂ ಎರಡೂ ಕಡೆಯ ರೈತರಿಗೆ ತಿಳಿದಿರುವ ಮಾತೊಂದಿದೆ: ಜೇಡಿನೆಲಕ್ಕೆ ಹದ ಬಹಳ ಮುಖ್ಯ. ಹಸಿಯಿದ್ದಾಗ ಹೂಡಿದರೆ ಕೆಸರು, ಒಣಗಿದ ಮೇಲೆ ಹೂಡಿದರೆ ಹೆಂಟೆ. ಹದ ಬಂದ ಎರಡು ಮೂರು ದಿನಗಳಲ್ಲಿಯೇ ಕೆಲಸ ಮುಗಿಯಬೇಕು.

ಬ್ಲೌಂಟ್ ಮಣ್ಣಿನ ಸ್ವಭಾವವನ್ನು ಒಂದು ಮಾತಿನಲ್ಲಿ ಹೇಳುವುದಾದರೆ, ಅದು ನೀರನ್ನು ಬೇಗ ಬಿಟ್ಟುಕೊಡದು. ಮೇಲಿನ ರೇವೆಯು ಮಳೆನೀರನ್ನು ಕುಡಿಯುತ್ತದೆ. ಕೆಳಗಿನ ಜೇಡಿ ಅದನ್ನು ಇಳಿಯಗೊಡುವುದಿಲ್ಲ. ಪಕ್ಕಕ್ಕೆ ಹರಿದುಹೋಗಲು ಇಳಿಜಾರೂ ಇಲ್ಲ. ಹೀಗಾಗಿ ಚಳಿಗಾಲದ ಕೊನೆಯಿಂದ ವಸಂತ ಮುಗಿಯುವವರೆಗೆ ನೆಲದಿಂದ ಒಂದೆರಡು ಅಡಿ ಕೆಳಗೇ ನೀರು ತಂಗಿರುತ್ತದೆ. ಇದು ಬಾವಿಯಲ್ಲಿ ಸಿಗುವ ಅಂತರ್ಜಲವಲ್ಲ. ಜೇಡಿಯ ತಟ್ಟೆಯ ಮೇಲೆ ನಿಂತ ಮಳೆನೀರು. ಅಮೆರಿಕದ ಮಣ್ಣಿನ ಸಮೀಕ್ಷೆಯು ನೀರು ಬಸಿಯುವ ಗುಣವನ್ನು ಏಳು ದರ್ಜೆಗಳಾಗಿ ವಿಂಗಡಿಸುತ್ತದೆ. ಬ್ಲೌಂಟ್ ಐದನೆಯ ದರ್ಜೆಯದು, ಎಂದರೆ ತಕ್ಕಮಟ್ಟಿಗೆ ಕಡಿಮೆ ಬಸಿಯುವ ಮಣ್ಣು. ಹಳೆಯ ಸರೋವರದ ತಳದಲ್ಲಿ ತುಸು ಎತ್ತರಿಸಿದ ಜಾಗಗಳ ‘ನಪನೀ’ ಮಣ್ಣೂ ಇದೇ ದರ್ಜೆಗೆ ಸೇರುತ್ತದೆ. ಅದರ ಪಕ್ಕದ ತಗ್ಗಿನಲ್ಲಿರುವ ‘ಹಾಯ್ಟ್‌ವಿಲ್’ ಮಣ್ಣು ಕೊನೆಯದಾದ ಏಳನೆಯ ದರ್ಜೆಯದು. ತಗ್ಗು ದಿಬ್ಬಗಳ ನಡುವಿನ ಅಂತರ ಕಣ್ಣಿಗೆ ಕಾಣದಷ್ಟು ಕಡಿಮೆ. ನೀರಿಗೆ ಮಾತ್ರ ಅದು ಚೆನ್ನಾಗಿ ತಿಳಿಯುತ್ತದೆ.

ಬೇಸಿಗೆಯಲ್ಲಿ ನೆಲವೆಲ್ಲ ಒಣಗಿರುವಾಗ ಬಂದ ಸಮೀಕ್ಷಕನಿಗೆ ವಸಂತದಲ್ಲಿ ನೀರು ಎಲ್ಲಿಯವರೆಗೆ ನಿಂತಿತ್ತೆಂದು ತಿಳಿಯುವುದು ಹೇಗೆ? ಅದಕ್ಕೆ ಉತ್ತರ ಮಣ್ಣಿನ ಬಣ್ಣದಲ್ಲಿದೆ. ಗಾಳಿಯಾಡುವ ಮಣ್ಣಿನಲ್ಲಿ ಕಬ್ಬಿಣವು ತುಕ್ಕು ಹಿಡಿದು ಕಂದು, ಕೆಂಪು ಛಾಯೆಯನ್ನು ಕೊಡುತ್ತದೆ. ನೀರು ತುಂಬಿ ಗಾಳಿ ಇಲ್ಲವಾದಾಗ ಸೂಕ್ಷ್ಮಜೀವಿಗಳ ಚಟುವಟಿಕೆಯಿಂದ ಆ ಕಬ್ಬಿಣವು ಕರಗಿ ಸರಿದುಹೋಗುತ್ತದೆ. ಉಳಿದ ಮಣ್ಣು ಬೂದು ಬಣ್ಣಕ್ಕೆ ತಿರುಗುತ್ತದೆ. ನೀರು ಇಳಿದು ಗಾಳಿ ಮರಳಿದಾಗ ಕರಗಿದ ಕಬ್ಬಿಣವು ಬೇರೊಂದೆಡೆ ಹಳದಿ, ಕಿತ್ತಳೆ ಚುಕ್ಕೆಗಳಾಗಿ ಮತ್ತೆ ಹೆಪ್ಪುಗಟ್ಟುತ್ತದೆ. ಬೂದು ಹಳದಿಗಳು ಬೆರೆತ ಈ ಚುಕ್ಕೆಗಳು ಶುರುವಾಗುವ ಆಳವೇ ನೀರು ನಿಲ್ಲುವ ಆಳ. ಮಣ್ಣು ತನ್ನ ವರ್ಷದ ದಿನಚರಿಯನ್ನು ಹೀಗೆ ಬರೆದಿಟ್ಟುಕೊಂಡಿರುತ್ತದೆ.

ಬಿಳಿಯರು ಬರುವ ಮೊದಲು ಇಲ್ಲಿ ಇದ್ದದ್ದು ಹೊಲವಲ್ಲ, ಜೌಗುಕಾಡು. ಮಹಾ ಕರಿಜೌಗು ಎಂಬುದು ಅದರ ಹೆಸರು. ಸುಮಾರು 190 ಕಿಲೋಮೀಟರ್ ಉದ್ದ, ಕೆಲವೆಡೆ 65 ಕಿಲೋಮೀಟರ್ ಅಗಲ. ಎಲ್ಮ್, ಆ್ಯಶ್, ಓಕ್ ಮರಗಳು ಬಿಸಿಲು ನೆಲಕ್ಕೆ ಬೀಳದಷ್ಟು ದಟ್ಟವಾಗಿ ಬೆಳೆದಿದ್ದವು. ಮಾಮೀ ನದಿಯ ದಂಡೆಗಳಲ್ಲಿ ಒಡಾವಾ ಜನರು ಬಾಳುತ್ತಿದ್ದರು. 1830ರ ದಶಕ ಮುಗಿಯುವ ವೇಳೆಗೆ ಸರಕಾರವು ಅವರನ್ನು ನೆಲದಿಂದ ಎಬ್ಬಿಸಿ ಪಶ್ಚಿಮಕ್ಕೆ, ಕ್ಯಾನ್ಸಸ್ ಸೀಮೆಗೆ ಕಳುಹಿಸಿತು. ಮುಂದಿನ ಸಿರಿಯ ಕಥೆಯು ಈ ಒಕ್ಕಲೆಬ್ಬಿಸುವಿಕೆಯ ಮೇಲೆಯೇ ನಿಂತಿದೆ ಎಂಬುದನ್ನು ಮರೆಯಲಾಗದು.

1812ರಲ್ಲಿ ಬ್ರಿಟಿಷರ ಮೇಲೆ ಯುದ್ಧಕ್ಕೆಂದು ಡೆಟ್ರಾಯಿಟ್‌ಗೆ ಹೊರಟ ಜನರಲ್ ವಿಲಿಯಂ ಹಲ್‌ನ ಸೇನೆಯು ಈ ಕಾಡಿನಲ್ಲಿ ಮರ ಕಡಿದು ದಾರಿ ಮಾಡಿಕೊಳ್ಳಬೇಕಾಯಿತು. ಆಗ ಕಟ್ಟಿದ ಕೋಟೆಯೊಂದರಿಂದಲೇ ಫಿಂಡ್ಲೇ ಪಟ್ಟಣಕ್ಕೆ ಆ ಹೆಸರು ಬಂದಿತು. ಅನಂತರದ ವರ್ಷಗಳಲ್ಲಿ ಪೆರಿಸ್‌ಬರ್ಗ್‌ನಿಂದ ಇಂದಿನ ಫ್ರೀಮಾಂಟ್‌ವರೆಗಿನ 31 ಮೈಲಿ ರಸ್ತೆಯಲ್ಲಿ 31 ವಸತಿಗೃಹಗಳಿದ್ದವೆಂದು ಜನ ಹೇಳುತ್ತಾರೆ. ಕೆಸರಿನಲ್ಲಿ ಹೂತ ಬಂಡಿಯು ದಿನಕ್ಕೊಂದು ಮೈಲಿ ಸಾಗಿದರೆ ಅದೇ ಹೆಚ್ಚು ಎಂಬುದು ಅದರ ಇಂಗಿತ. ಬಂಡಿಗಳನ್ನು ಮೇಲೆತ್ತಿಕೊಟ್ಟು ಹಣ ಪಡೆಯುವವರು ಒಳ್ಳೆಯ ಕೆಸರುಗುಂಡಿಯ ಹಕ್ಕನ್ನೇ ಮಾರುತ್ತಿದ್ದರೆಂಬ ಕಥೆಗಳೂ ಇವೆ. ಬೇಸಿಗೆಯಲ್ಲಿ ಸೊಳ್ಳೆಗಳ ಕಾಟ. ಚಳಿಜ್ವರವು ಮನೆಮನೆಯ ಅತಿಥಿಯಾಗಿತ್ತು. ಕ್ವಿನೈನ್ ಇಲ್ಲದೆ ಬೇಸಾಯವಿಲ್ಲ ಎಂಬಂತಹ ದಿನಗಳವು.

ಇಂತಹ ನೆಲವನ್ನು ಹೊಲವಾಗಿಸಿದ್ದು ಮಣ್ಣಿನ ಕೊಳವೆ. ನ್ಯೂಯಾರ್ಕ್ ರಾಜ್ಯದ ಜಿನೀವಾ ಪಟ್ಟಣದ ಬಳಿ ನೆಲೆಸಿದ್ದ ಸ್ಕಾಟ್ಲೆಂಡಿನ ರೈತ ಜಾನ್ ಜಾನ್‌ಸ್ಟನ್, ತನ್ನ ತವರಿನಿಂದ ಮಾದರಿ ತರಿಸಿ ಸುಟ್ಟ ಮಣ್ಣಿನ ಕೊಳವೆಗಳನ್ನು ಮಾಡಿಸಿ 1838ರಲ್ಲಿ ಹೊಲದಲ್ಲಿ ಹೂಳಿಸಿದನು. ಮಣ್ಣಿನ ಪಾತ್ರೆಗಳನ್ನು ಹೂಳುತ್ತಿದ್ದಾನೆಂದು ಜನ ಅವನನ್ನು ನಕ್ಕರಂತೆ. ಬೆಳೆ ಬಂದಾಗ ಅವನ ಹೊಲ ನೋಡಲು ಬಂದರು. ಓಹಾಯೊದಲ್ಲಿ 1859ರ ಕಾಯಿದೆಯು ಊರವರು ಕೂಡಿ ಸಾರ್ವಜನಿಕ ಬಸಿಗಾಲುವೆಗಳನ್ನು ತೋಡಲು ದಾರಿ ಮಾಡಿಕೊಟ್ಟಿತು. ಕೊಳವೆಯನ್ನು ಮಾಡಲು ಬೇಕಾದ ಜೇಡಿ ಹೊಲದ ಅಡಿಯಲ್ಲಿಯೇ ಇದ್ದುದರಿಂದ ಊರೂರಿನಲ್ಲೂ ಆವಿಗೆಗಳು ಎದ್ದವು. ನೀರನ್ನು ಹಿಡಿದಿಟ್ಟ ಜೇಡಿಯೇ ಸುಟ್ಟು ಕೊಳವೆಯಾಗಿ ನೀರನ್ನು ಹೊರಗೆ ಸಾಗಿಸತೊಡಗಿತು.

ಈ ಕೊಳವೆಯ ಕೆಲಸ ಸರಳ. ಒಂದೊಂದು ಅಡಿ ಉದ್ದದ ತುಂಡುಗಳನ್ನು ಸುಮಾರು ಮೂರು ಅಡಿ ಆಳದಲ್ಲಿ, ಸ್ವಲ್ಪ ಇಳಿಜಾರಿನಲ್ಲಿ, ಒಂದರ ಬಾಯಿಗೆ ಇನ್ನೊಂದನ್ನು ತಾಗಿಸಿ ಇಡುತ್ತಿದ್ದರು. ನೀರು ಒಳಬರುವುದು ಆ ಸಂದುಗಳಿಂದ. ಕೊಳವೆಯು ನೀರನ್ನು ಹೀರುವುದಿಲ್ಲ. ಹೆಚ್ಚಾಗಿ ನಿಂತ ನೀರು ತನ್ನ ಭಾರದಿಂದಲೇ ಇಳಿದು ಹರಿದುಹೋಗುತ್ತದೆ. ರೇವೆಯ ಕಣಗಳ ನಡುವೆ ಅಂಟಿಕೊಂಡ ತೇವ ಬೆಳೆಗಾಗಿ ಉಳಿಯುತ್ತದೆ. ಹೀಗೆ ಬಸಿದ ನೆಲವು ವಸಂತದಲ್ಲಿ ಬೇಗ ಬೆಚ್ಚಗಾಗುತ್ತದೆ, ಬಿತ್ತನೆ ಮುಂಚೆಯೇ ಆಗುತ್ತದೆ. ಇನ್ನೊಂದು ಲಾಭವು ಮೇಲ್ನೋಟಕ್ಕೆ ವಿಚಿತ್ರವೆನಿಸುತ್ತದೆ: ಇಂತಹ ಹೊಲವು ಬಿಸಿಲನ್ನೂ ಹೆಚ್ಚು ತಾಳುತ್ತದೆ. ನೀರು ನಿಂತ ನೆಲದಲ್ಲಿ ಬೇರು ಮೇಲೆಯೇ ಉಳಿಯುತ್ತದೆ. ನೀರು ಇಳಿದಲ್ಲಿ ಬೇರು ಆಳಕ್ಕೆ ಹೋಗಿ ಬೇಸಿಗೆಯಲ್ಲಿ ಅಲ್ಲಿನ ತೇವವನ್ನು ಹುಡುಕಿಕೊಳ್ಳುತ್ತದೆ.

ಕೈಯಿಂದ ತೋಡುತ್ತಿದ್ದ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದವನು ಬೌಲಿಂಗ್ ಗ್ರೀನ್ ಪಟ್ಟಣದ ಜೇಮ್ಸ್ ಹಿಲ್. 1890ರ ದಶಕದಲ್ಲಿ ಆತ ರೂಪಿಸಿದ ‘ಬಕೈ’ ಎಂಬ ಉಗಿಯಂತ್ರವು ಬೇಕಾದ ಇಳಿಜಾರಿನಲ್ಲಿ ಒಂದೇ ಸಾಲಿಗೆ ಕಂದಕ ತೋಡುತ್ತಿತ್ತು. 1902ರಲ್ಲಿ ತಯಾರಾದ ಅಂತಹ ಯಂತ್ರವೊಂದನ್ನು ಫಿಂಡ್ಲೇ ಪಟ್ಟಣದ ಹ್ಯಾನ್‌ಕಾಕ್ ಇತಿಹಾಸ ಸಂಗ್ರಹಾಲಯದಲ್ಲಿ ಕಾಪಾಡಿದ್ದಾರೆ. ಅದರ ದೊಡ್ಡ ಚಕ್ರವನ್ನು ನೋಡಿದವರಿಗೆ ಅಷ್ಟು ದೊಡ್ಡ ಜೌಗು ಎರಡು ತಲೆಮಾರುಗಳಲ್ಲಿ ಹೇಗೆ ಮಾಯವಾಯಿತೆಂದು ಅರ್ಥವಾಗುತ್ತದೆ. ಚಳಿಜ್ವರ ಹೋಯಿತು, ಊರುಗಳು ಬೆಳೆದವು, ಶಾಲೆಗಳು ಬಂದವು. ಇಂದು ಮಣ್ಣಿನ ಕೊಳವೆಯ ಜಾಗದಲ್ಲಿ ಸುಕ್ಕುಗಟ್ಟಿದ ಪ್ಲಾಸ್ಟಿಕ್ ಕೊಳವೆ ಬಂದಿದೆ. ಕೆಲಸ ಮಾತ್ರ ಅದೇ.

ಆದರೆ ಹೊಲ ಬಿಟ್ಟ ನೀರು ಎಲ್ಲಿಗೆ ಹೋಯಿತು? ಕೊಳವೆಯಿಂದ ಕಾಲುವೆಗೆ, ಕಾಲುವೆಯಿಂದ ಮಾಮೀ ನದಿಗೆ, ನದಿಯಿಂದ ಈರೀ ಸರೋವರಕ್ಕೆ. ಹಿಂದೆ ಜೌಗು ಈ ನೀರನ್ನು ತಿಂಗಳುಗಟ್ಟಲೆ ನಿಲ್ಲಿಸಿ ಸೋಸಿ ಬಿಡುತ್ತಿತ್ತು. ಈಗ ಅದು ಕೆಲವೇ ದಿನಗಳಲ್ಲಿ ಸರೋವರವನ್ನು ಮುಟ್ಟುತ್ತದೆ. ಬರಿಗೈಯಲ್ಲೂ ಬರುವುದಿಲ್ಲ. ಹೊಲದ ಮೇಲೆ ಚೆಲ್ಲಿದ ಗೊಬ್ಬರದ ರಂಜಕವು ಮಳೆನೀರಿನಲ್ಲಿ ಕರಗಿ, ಜೇಡಿಯ ಬಿರುಕುಗಳಲ್ಲಿಯೂ ಎರೆಹುಳುಗಳ ದಾರಿಗಳಲ್ಲಿಯೂ ನೇರವಾಗಿ ಕೊಳವೆಗೆ ಇಳಿಯುತ್ತದೆ. ಸರೋವರದ ಪಶ್ಚಿಮ ಭಾಗದ ಸರಾಸರಿ ಆಳ ಸುಮಾರು 7 ಮೀಟರ್ ಮಾತ್ರ. ಬೇಸಿಗೆಯಲ್ಲಿ ಬೆಚ್ಚಗಾಗುವ ಆ ನೀರಿನಲ್ಲಿ ರಂಜಕವನ್ನುಂಡು ನೀಲಿ-ಹಸಿರು ಪಾಚಿ ದಟ್ಟವಾಗಿ ಬೆಳೆಯುತ್ತದೆ.

2014ರ ಆಗಸ್ಟ್ 2ರಂದು ಟೊಲೀಡೊ ನಗರದ ಜನರಿಗೆ ನಲ್ಲಿಯ ನೀರನ್ನು ಕುಡಿಯಬಾರದೆಂಬ ಸೂಚನೆ ಬಂದಿತು. ಪಾಚಿಯ ವಿಷವಾದ ಮೈಕ್ರೊಸಿಸ್ಟಿನ್ ಶುದ್ಧೀಕರಿಸಿದ ನೀರಿನಲ್ಲಿಯೂ ಕಂಡುಬಂದಿತ್ತು. ಕುದಿಸಿದರೆ ವಿಷ ನಾಶವಾಗದು. ನೀರು ಆವಿಯಾಗಿ ಅದರ ಪ್ರಮಾಣವೇ ಹೆಚ್ಚುತ್ತದೆ. ಸುಮಾರು ನಾಲ್ಕೈದು ಲಕ್ಷ ಜನರು ಬಾಟಲಿ ನೀರಿಗಾಗಿ ಸಾಲುಗಟ್ಟಿದರು. ಆಗಸ್ಟ್ 4ರಂದು ಸೂಚನೆ ಹಿಂದೆಗೆಯಲ್ಪಟ್ಟಿತು. ಸಿಹಿನೀರಿನ ಸಮುದ್ರದಂತಹ ಸರೋವರದ ದಡದಲ್ಲಿದ್ದೂ ಕುಡಿಯಲು ನೀರಿಲ್ಲದ ಆ ದಿನಗಳನ್ನು ನಗರವು ಮರೆತಿಲ್ಲ.

ರೈತನನ್ನು ದೂರುವುದು ಸುಲಭ. ಆದರೆ ಕೊಳವೆಯಿಲ್ಲದೆ ಆತನಿಗೆ ಹೊಲವೇ ಇಲ್ಲ. ಸರೋವರವನ್ನು ಬಿಡುವುದೂ ನಗರಕ್ಕೆ ಸಾಧ್ಯವಿಲ್ಲ. ಅಮೆರಿಕ ಮತ್ತು ಕೆನಡಾ ಸರಕಾರಗಳು 2008ರ ಮಟ್ಟಕ್ಕಿಂತ ರಂಜಕವನ್ನು ಶೇಕಡಾ 40ರಷ್ಟು ತಗ್ಗಿಸುವ ಗುರಿ ಇಟ್ಟುಕೊಂಡಿವೆ. 2019ರಲ್ಲಿ ಓಹಾಯೊ ಸರಕಾರವು ‘ಎಚ್‌2ಓಹಾಯೊ’ ಎಂಬ ಯೋಜನೆಯನ್ನು ಆರಂಭಿಸಿತು. ಗೊಬ್ಬರವನ್ನು ಮೇಲೆ ಚೆಲ್ಲದೆ ಮಣ್ಣಿನೊಳಗೆ ಇಡುವುದು, ಕೊಳವೆಯ ಬಾಯಿಗೆ ಹಲಗೆಗಳನ್ನಿಟ್ಟು ಚಳಿಗಾಲದಲ್ಲಿ ನೀರನ್ನು ತಡೆಯುವುದು, ಕೆಲವು ಹೊಲಗಳನ್ನು ಮತ್ತೆ ಜೌಗಾಗಿ ಬಿಡುವುದು ಇಂದಿನ ಪ್ರಯತ್ನಗಳು. ತಾತಂದಿರು ಬೆವರು ಸುರಿಸಿ ಒಣಗಿಸಿದ ನೆಲದ ಒಂದಿಷ್ಟು ಭಾಗವನ್ನು ಮೊಮ್ಮಕ್ಕಳು ಮತ್ತೆ ನೆನೆಸುತ್ತಿದ್ದಾರೆ.

ಟೊಲೀಡೊ ನಗರದ ಪಶ್ಚಿಮಕ್ಕೆ, ಆರ್ಚ್‌ಬೋಲ್ಡ್ ಊರಿನ ಬಳಿ ‘ಗಾಲ್ ವುಡ್ಸ್’ ಎಂಬ ಸಂರಕ್ಷಿತ ವನವಿದೆ. ಮಹಾ ಕರಿಜೌಗಿನ ಕಾಡು ಕಡಿಯದೆ ಉಳಿದ ಅಪರೂಪದ ತುಣುಕು ಅದು. ಸುತ್ತಲೂ ಹೊಲಗಳು, ನಡುವೆ ಶತಮಾನಗಳನ್ನು ಕಂಡ ಓಕ್ ಮರಗಳು. ವಸಂತದಲ್ಲಿ ಅಲ್ಲಿನ ಕಾಲುದಾರಿಗಳ ಬದಿಗೆ ಇಂದಿಗೂ ನೀರು ನಿಲ್ಲುತ್ತದೆ, ಬೇಸಿಗೆಯಲ್ಲಿ ಸೊಳ್ಳೆಗಳು ಮುತ್ತುತ್ತವೆ. ನೀರು ಅವಸರವಿಲ್ಲದೆ ಎಲೆಗೊಬ್ಬರದ ನಡುವೆ ಇಂಗುತ್ತದೆ. ವನದ ಅಂಚು ದಾಟಿದರೆ ಮತ್ತೆ ನೇರವಾದ ಕಾಲುವೆ. ಕೊಳವೆಯ ಬಾಯಿಯಿಂದ ಸುರಿಯುವ ನೀರಿನ ಸದ್ದು ಅಲ್ಲಿ ಕೇಳಿಸುತ್ತದೆ.