ನಮ್ಮ ಮನೆಯ ಭೂಮಣ್ಣಿ ಬುಟ್ಟಿ

 

ದಸರಾ ರಜೆ ಮುಗಿದು ಶಾಲೆ ಶುರುವಾದ ದಿನ ನನ್ನ ಉಗುರುಗಳು ಕೆಂಪಗಿದ್ದವು. "ಇದೆಂಥದೋ?" ಎಂದು ನೀವೆಲ್ಲ ಕೇಳಿದಿರಿ. "ಅಡಿಕೆ ಚೊಗರು ತಾಗಿದ್ದು" ಎಂದು ನಾನು ಹೇಳಿದೆ. ಅದು ಸುಳ್ಳು. ಅದು ಕೆಮ್ಮಣ್ಣು. ಸುಳ್ಳು ಯಾಕೆ ಹೇಳಿದೆ, ಉಗುರು ಹೇಗೆ ಕೆಂಪಾಯಿತು ಅಂತ ಇಲ್ಲಿ ಬರೆಯುತ್ತಿದ್ದೇನೆ. ಅರ್ಧ ಓದಿ ನಗಬೇಡಿ. ನಗುವುದಾದರೆ ಪೂರ್ತಿ ಓದಿ ನಗಿ.

ಹಬ್ಬ ಎಂದ ಮೇಲೆ ಮನೆ ಸಿಂಗರಿಸುವುದು ಇದ್ದೇ ಇರುತ್ತದೆ. ಯುಗಾದಿಗೆ ಮಾವಿನ ತೋರಣ, ದೀಪಾವಳಿಗೆ ಚೆಂಡು ಹೂವಿನ ಮಾಲೆ. ಆದರೆ ನಮ್ಮ ಸಾಗರ, ಸೊರಬ, ಹೊಸನಗರದ ಕಡೆ ಭೂಮಿ ಹುಣ್ಣಿಮೆಗೆ ಮಾಡುವ ಸಿಂಗಾರವೇ ಬೇರೆ. ಅದು ಆಶ್ವಯುಜ ಮಾಸದ ಹುಣ್ಣಿಮೆ. ಬಯಲುಸೀಮೆಯವರು ಶೀಗಿ ಹುಣ್ಣಿಮೆ ಎನ್ನುತ್ತಾರೆ. ಆ ಹೊತ್ತಿಗೆ ಗದ್ದೆಯಲ್ಲಿ ಬತ್ತ ಹೊಡೆಯಾಗಿರುತ್ತದೆ. ಅಂದರೆ ತೆನೆ ಇನ್ನೂ ಗಿಡದ ಹೊಟ್ಟೆಯೊಳಗೇ ಇರುತ್ತದೆ. ಅದಕ್ಕೇ ಭೂಮಿತಾಯಿ ಬಸುರಿ ಎಂದು ತಿಳಿದು ಅವಳಿಗೆ ಬಯಕೆ ಊಟ ಕೊಡುತ್ತಾರೆ. ಆ ಊಟ ಹೊತ್ತುಕೊಂಡು ಹೋಗುವ ಬಿದಿರಿನ ಬುಟ್ಟಿಯೇ ಭೂಮಣ್ಣಿ ಬುಟ್ಟಿ. ಒಂದು ದೊಡ್ಡದು, ಒಂದು ಚಿಕ್ಕದು.

ನಮ್ಮ ಮನೆಯಲ್ಲಿ ಬುಟ್ಟಿ ಬರೆಯುವವಳು ಅಜ್ಜಿ. ಮೊದಲು ಬುಟ್ಟಿಗೆ ಸಗಣಿ ಮೆತ್ತಿ ಒಣಗಿಸುತ್ತಾಳೆ. ಅದರ ಮೇಲೆ ಕೆಮ್ಮಣ್ಣು ಬಳಿಯುತ್ತಾಳೆ. ಆಮೇಲೆ ಅಕ್ಕಿ ನೆನೆಸಿ ಅರೆದು, ಪುಂಡಿ ನಾರಿನ ಕುಂಚದಲ್ಲಿ ಬಿಳಿ ಗೆರೆ ಎಳೆಯುತ್ತಾಳೆ. ಹಳದಿಗೆ ಗುರಿಗೆ ಕಾಯಿ, ಕಪ್ಪಿಗೆ ಹುರಿದು ಕರಿ ಮಾಡಿದ ಅಕ್ಕಿ. ಬತ್ತದ ಸಸಿ, ಏಣಿ, ಎತ್ತಿನ ಗಾಡಿ, ಜೋಗಿ ಜಡೆ, ಸೂರ್ಯ ಚಂದ್ರ, ಕೈ ಕೈ ಹಿಡಿದು ನಿಂತ ಗೊಂಬೆಗಳು, ಇವೆಲ್ಲ ಬುಟ್ಟಿಯ ಸುತ್ತ ಬರುತ್ತವೆ. ಇದಕ್ಕೆ ಚಿತ್ತಾರ ಎನ್ನುತ್ತಾರೆ. ನಮ್ಮ ಜಗಲಿಯ ಗೋಡೆ ಮಣ್ಣಿನದು. ಅದಕ್ಕೂ ಕೆಮ್ಮಣ್ಣು ಬಳಿದು ಬಾಗಿಲ ಎರಡೂ ಕಡೆ ಚಿತ್ತಾರ ಬರೆಯುತ್ತಾಳೆ. ಸ್ಕೇಲೂ ಇಲ್ಲ, ಪೆನ್ಸಿಲ್ಲೂ ಇಲ್ಲ. ಆದರೂ ಗೆರೆ ನೆಟ್ಟಗೆ ಬರುತ್ತದೆ.

ಈ ಸಲ ವಿಜಯದಶಮಿ ಕಳೆದರೂ ಬುಟ್ಟಿ ಅಟ್ಟದ ಮೇಲಿಂದ ಕೆಳಗೆ ಇಳಿಯಲಿಲ್ಲ.

"ಅಜ್ಜಿ, ಬುಟ್ಟಿ ಯಾವಾಗ ಬರೀತೀಯ?" ಎಂದು ಕೇಳಿದೆ.

"ಯಾವ ಗದ್ದೆಗೆ ಬುಟ್ಟಿ ತಮ್ಮಾ?" ಎಂದಳು. ಅಷ್ಟೇ. ಮತ್ತೆ ಮಾತಾಡಲಿಲ್ಲ.

ಆಗ ನನಗೆ ನೆನಪಾಯಿತು. ಈ ಮಳೆಗಾಲದಲ್ಲಿ ಅಪ್ಪ ನಮ್ಮ ಗದ್ದೆಗೆ ಅಡಿಕೆ ಹಾಕಿದ್ದ. ನಮಗೆ ಇರುವುದು ಮೂವತ್ತು ಗುಂಟೆ. ಅದರಲ್ಲಿ ಕಪ್ಪು ಹೊಡೆದು, ಒಂಬತ್ತು ಅಡಿಗೆ ಒಂದರಂತೆ ನಾನೂರು ಸಸಿ ನೆಟ್ಟೆವು. ನೆರಳಿಗೆ ನಡುವೆ ಬಾಳೆ ಹಾಕಿದೆವು. ಗುಂಡಿ ಅಳೆಯಲು ಹಗ್ಗ ಹಿಡಿದವನು ನಾನೇ. ಆಗ ನನಗೆ ಖುಷಿಯಾಗಿತ್ತು. ನಮ್ಮದೂ ತೋಟ ಆಯ್ತು ಅಂತ ನಿಮಗೆಲ್ಲ ಹೇಳಿಕೊಂಡಿದ್ದೆ.

ಅಪ್ಪನದು ತಪ್ಪು ಎಂದು ನಾನು ಹೇಳುವುದಿಲ್ಲ. ನೆಟ್ಟಿಗೆ ಆಳು ಸಿಗುವುದಿಲ್ಲ. ಬತ್ತ ಹಾಲುಗಟ್ಟುವಾಗ ಹಂದಿ ಬಂದು ಹೊರಳಾಡುತ್ತವೆ. ಅಪ್ಪ ಎಷ್ಟೋ ರಾತ್ರಿ ಮಾಳದಲ್ಲಿ ಡಬ್ಬ ಬಡಿಯುತ್ತಾ ಕೂತಿದ್ದ. ಕೊನೆಗೆ ಲೆಕ್ಕ ಹಾಕಿದರೆ ಖರ್ಚಿನ ದುಡ್ಡೂ ಹುಟ್ಟುತ್ತಿರಲಿಲ್ಲ. ಅಕ್ಕ ಸಾಗರದ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ. ಅವಳ ಫೀಸು ಕಟ್ಟಬೇಕು. ಇದೆಲ್ಲ ನನಗೆ ಗೊತ್ತು. ಆದರೂ ಬುಟ್ಟಿ ಇಲ್ಲದ ಹಬ್ಬ ನೆನೆದರೆ ಹೊಟ್ಟೆಯಲ್ಲಿ ಏನೋ ಆಗುತ್ತಿತ್ತು.

ಅಮ್ಮ ಸಂಜೆಯಾದರೆ ಅಡಿಕೆ ಸುಲಿಯಲು ಹೋಗುತ್ತಾಳೆ. ಅವಳಿಗೆ ಪುರಸೊತ್ತಿಲ್ಲ. ಅಕ್ಕ ಇದ್ದಿದ್ದರೆ ಅವಳು ಬರೆಯುತ್ತಿದ್ದಳು. ಉಳಿದವನು ನಾನು ಒಬ್ಬನೇ. ಗಂಡು ಹುಡುಗರು ಚಿತ್ತಾರ ಬರೆದದ್ದನ್ನು ನಮ್ಮೂರಲ್ಲಿ ನಾನು ನೋಡಿಲ್ಲ. ಆದರೂ ಏಣಿ ಹಾಕಿ ಬುಟ್ಟಿ ಇಳಿಸಿದೆ. ಒಳಗೆ ಜೇಡರ ಬಲೆ ಕಟ್ಟಿತ್ತು. ಕೊಟ್ಟಿಗೆಯ ಹಿಂದೆ ಕೂತು ಸಗಣಿ ಮೆತ್ತಿದೆ. ಗುಡ್ಡದ ಧರೆಯಿಂದ ಕೆಮ್ಮಣ್ಣು ತಂದು ಕಲಸಿ ಬಳಿದೆ.

ಅವತ್ತೇ ನೀವು ನಾಲ್ಕು ಜನ ಬ್ಯಾಟು ಹಿಡಿದುಕೊಂಡು ಬಂದು ಬೇಲಿಯಾಚೆಯಿಂದ ಕೂಗಿದಿರಿ. ನಾನು ಹುಲ್ಲಿನ ಗೊಣಬೆಯ ಹಿಂದೆ ಅಡಗಿಕೊಂಡೆ. ಅಮ್ಮನ ಹತ್ತಿರ "ಮನೇಲಿಲ್ಲ" ಅಂತ ಹೇಳಿಸಿದೆ. ನೀವು "ಹುಡುಗಿ, ಹುಡುಗಿ" ಎಂದು ಕೂಗುತ್ತೀರಿ ಅಂತ ಹೆದರಿಕೆಯಾಗಿತ್ತು. ಇದು ನಾನು ಮಾಡಿದ ಮೊದಲ ತಪ್ಪು.

ಎರಡನೆಯ ತಪ್ಪು ಅವಸರ. ಕೆಮ್ಮಣ್ಣು ಒಣಗುವ ಮೊದಲೇ ಅಕ್ಕಿ ಹಿಟ್ಟಿನ ಗೆರೆ ಎಳೆದೆ. ಬಿಳಿಯೆಲ್ಲ ಹರಡಿ ಗುಲಾಬಿ ಬಣ್ಣವಾಯಿತು. ನನ್ನ ಎತ್ತಿನ ಗಾಡಿ ನೀರಲ್ಲಿ ಮುಳುಗಿದ ಹಾಗೆ ಕಾಣಿಸಿತು. ಒರೆಸಿದೆ. ಮತ್ತೆ ಬಳಿದೆ. ಮರುದಿನ ಬರೆದೆ. ಏಣಿ ಸೊಟ್ಟಗಾಯಿತು. ಗೊಂಬೆಗಳಲ್ಲಿ ಒಬ್ಬಳಿಗೆ ಕಾಲು ಉದ್ದ, ಒಬ್ಬಳಿಗೆ ಕೈಯೇ ಇಲ್ಲ. ಸಿಟ್ಟು ಬಂದು ಕುಂಚ ಎಸೆದೆ.

ತಿರುಗಿ ನೋಡಿದರೆ ಅಜ್ಜಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ. ಬೈಯುತ್ತಾಳೆ ಅಂದುಕೊಂಡೆ. ಅವಳು ಕುಂಚ ಎತ್ತಿ ತಂದು ನನ್ನ ಪಕ್ಕ ಕೂತಳು. "ಕೈ ಅಲ್ಲ ತಮ್ಮಾ ಓಡಬೇಕಾದ್ದು. ಬುಟ್ಟಿ ತಿರುಗಬೇಕು. ಎಡಗೈಲಿ ಬುಟ್ಟಿ ತಿರುಗಿಸು, ಬಲಗೈ ಹಾಗೇ ಇಡು" ಎಂದಳು. ಹಾಗೆ ಮಾಡಿದೆ. ಗೆರೆ ನೆಟ್ಟಗೆ ಬಂತು! ಅವಳ ಕಣ್ಣಿಗೆ ಪೊರೆ ಬಂದಿದೆ, ಸಣ್ಣ ಗೆರೆ ಕಾಣುವುದಿಲ್ಲ. ಆದರೂ ಬೆರಳಿಂದ ಮುಟ್ಟಿ "ಇಲ್ಲಿ ಒಂದು ಸಸಿ ಬಿಟ್ಟೀಯ ನೋಡು" ಎನ್ನುತ್ತಿದ್ದಳು. ಹೀಗೆ ಮೂರು ದಿನ ಇಬ್ಬರೂ ಕೂತು ಎರಡು ಬುಟ್ಟಿ ಮುಗಿಸಿದೆವು. ಜಗಲಿಯ ಗೋಡೆಗೂ ಕೆಮ್ಮಣ್ಣು ಬಳಿದೆವು.

"ಅಜ್ಜಿ, ಒಂದು ಅಡಿಕೆ ಮರಾನೂ ಬರೀಲಾ? ಈಗ ಅದೇ ಅಲ್ವಾ ಇರೋದು?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಬರಿ" ಎಂದಳು. "ಆದ್ರೆ ಬತ್ತ ಅಳಿಸಬೇಡ" ಎಂದಳು.

ಹಬ್ಬದ ಹಿಂದಿನ ರಾತ್ರಿ ಅಪ್ಪ ಬುಟ್ಟಿ ನೋಡಿದ. ಏನೂ ಹೇಳಲಿಲ್ಲ. ಬ್ಯಾಟರಿ ಹಿಡಿದುಕೊಂಡು ಹೊರಗೆ ಹೋದ. ಬರುವಾಗ ಅವನ ಕೈಯಲ್ಲಿ ಅಮಟೆಕಾಯಿ, ಕೆಸುವಿನ ಸೊಪ್ಪು, ಕಾಡಿನ ಏನೇನೋ ಕುಡಿಗಳು ಇದ್ದವು. ಅಚ್ಚಂಬಲಿಗೆ ಇವೆಲ್ಲ ಬೇಕು. ಅಮ್ಮ ಅವತ್ತು ಸುಲಿಯಲು ಹೋಗಲಿಲ್ಲ. ರಾತ್ರಿಯೆಲ್ಲ ಒಲೆ ಉರಿಯಿತು. ಬೆಳಗಿನ ಜಾವ ಅಪ್ಪ ದೊಡ್ಡ ಬುಟ್ಟಿಯನ್ನು ತಲೆಯ ಮೇಲೆ ಇಟ್ಟುಕೊಂಡ. ಚಿಕ್ಕದನ್ನು ನಾನು ಹೊತ್ತೆ. ಇನ್ನೂ ಹುಣ್ಣಿಮೆಯ ಬೆಳಕಿತ್ತು. ದಾರಿಯುದ್ದಕ್ಕೂ ಅಜ್ಜಿ ಮೆಲ್ಲಗೆ ಹಿಂದೆ ಬಂದಳು.

ಗದ್ದೆಗೆ, ಅಲ್ಲ, ತೋಟಕ್ಕೆ ಹೋದೆವು. ಪ್ರತಿ ವರ್ಷ ಅಜ್ಜಿ ಬತ್ತದ ಬುಡಕ್ಕೆ ಸೀರೆಕಣ ಸುತ್ತಿ, ತನ್ನ ತಾಳಿಯನ್ನೇ ತೆಗೆದು ಇಟ್ಟು ಪೂಜೆ ಮಾಡುತ್ತಿದ್ದಳಂತೆ. ಅಜ್ಜ ತೀರಿಕೊಂಡ ಮೇಲೆ ಅಮ್ಮ ಮಾಡುತ್ತಾಳೆ. ಈ ಸಲ ಅಮ್ಮ ಅಡಿಕೆ ಸಸಿಯ ಮುಂದೆ ಕೂತಳು. ಅದು ನನ್ನ ಮೊಣಕಾಲಷ್ಟು ಎತ್ತರ ಇತ್ತು. ಅಜ್ಜಿ ಅದನ್ನು ಸವರಿ ನೋಡಿ, "ಇದಕ್ಕೆಂಥಾ ಬಯಕೆ? ಇದಿನ್ನೂ ಹಾಲು ಕುಡಿಯೋ ಕೂಸು" ಎಂದಳು. ನಮಗೆಲ್ಲ ನಗು ಬಂತು. ಅಪ್ಪನೂ ನಕ್ಕ. ಆಮೇಲೆ "ಬಯಕೆ ಗಿಡಕ್ಕಲ್ಲ ಅಲ್ದನಾ ಅವ್ವಾ, ಭೂಮಿಗೆ. ಭೂಮಿ ಅದೇ ಐತಲ" ಎಂದ. ಅಜ್ಜಿ ತಲೆ ಅಲ್ಲಾಡಿಸಿದಳು. ಒಪ್ಪಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ.

ಒಂದು ಕಡುಬನ್ನು ಮಣ್ಣಿನಲ್ಲಿ ಹೂತಿಡುವುದು ನಮ್ಮ ಪದ್ಧತಿ. ಬತ್ತ ಕೊಯ್ಯುವ ದಿನ ಅದನ್ನು ಅಗೆದು ತೆಗೆಯುತ್ತಾರೆ. ನಾನು ಹೂತು, "ಇದನ್ನು ಯಾವಾಗ ತೆಗೆಯೋದು?" ಎಂದು ಕೇಳಿದೆ. "ಮೊದಲ ಕೊನೆ ಇಳಿಸುವಾಗ" ಎಂದ ಅಪ್ಪ. ಅಡಿಕೆ ಫಸಲಿಗೆ ಬರಲು ಐದಾರು ವರ್ಷ ಬೇಕು. ಆಗ ನನಗೆ ಹತ್ತೊಂಬತ್ತು. ಅಜ್ಜಿಗೆ ಎಂಬತ್ತು ದಾಟಿರುತ್ತದೆ. ಅಜ್ಜಿ ಎಂಥದೂ ಹೇಳದೆ ಹೂತ ಜಾಗದ ಮೇಲೆ ಒಂದು ಕಲ್ಲು ಇಟ್ಟಳು. ಅದನ್ನು ನೋಡಿ ನನಗೆ ಅಳು ಬಂತು. ಕಾಗೆಗೆ ಎಡೆ ಇಡಲು ಹೋಗುವ ನೆಪದಲ್ಲಿ ಬದುವಿನ ಕಡೆ ಹೋದೆ. ತಿರುಗಿ ಬಂದು ಎಲ್ಲರ ಜೊತೆ ಬಾಳೆ ಎಲೆಯಲ್ಲಿ ಊಟ ಮಾಡಿದೆ. ಅಚ್ಚಂಬಲಿ ಬಹಳ ರುಚಿಯಾಗಿತ್ತು.

ಇದೇ ನನ್ನ ಉಗುರು ಕೆಂಪಾದ ಕಥೆ. ಅಜ್ಜಿಯ ಹತ್ತಿರ ಮೂರು ದಿನ ಕಲಿತದ್ದನ್ನು ನಿಮ್ಮ ಮುಂದೆ ಚೊಗರು ಎಂದು ಹೇಳಿ ಮುಚ್ಚಿಟ್ಟೆ. ಅಜ್ಜಿಗೆ ಗೊತ್ತಾದರೆ ಬೇಜಾರಾಗುತ್ತದೆ. ಅದಕ್ಕೇ ಈಗ ಎಲ್ಲರೆದುರು ನಿಜ ಬರೆದಿದ್ದೇನೆ.

ಮುಂದಿನ ವರ್ಷವೂ ನಾನೇ ಬರೆಯುತ್ತೇನೆ. ಬಾಸಿಂಗ ಬರೆಯುವುದನ್ನು ಅಜ್ಜಿ ಇನ್ನೂ ಹೇಳಿಕೊಟ್ಟಿಲ್ಲ. "ಅವಸರ ಮಾಡಬೇಡ, ಮುಂದಿನ ವರ್ಷಕ್ಕೂ ಏನಾದ್ರೂ ಉಳೀಲಿ" ಎಂದಿದ್ದಾಳೆ. ಬುಟ್ಟಿಗಳನ್ನು ಇನ್ನೂ ಅಟ್ಟಕ್ಕೆ ಹಾಕಿಲ್ಲ, ಜಗಲಿಯಲ್ಲೇ ಇವೆ. ನೋಡಬೇಕು ಅನ್ನಿಸಿದವರು ಭಾನುವಾರ ನಮ್ಮ ಮನೆಗೆ ಬನ್ನಿ. ಕೈ ಇಲ್ಲದ ಗೊಂಬೆ ಯಾವುದು ಅಂತ ಹುಡುಕಿ. ಅದನ್ನು ಅಳಿಸಲು ಅಜ್ಜಿ ಬಿಡಲಿಲ್ಲ.

— 7ನೇ ತರಗತಿಯ ವಿದ್ಯಾರ್ಥಿ